ರಾಜನ ಮುಂದಿನ ಕಾಲಾಳು

ಎಡಪ್ಪಳ್ಳಿ, ಕೊಚ್ಚಿ
9 ಜೂನ್ 2024

ವಿಜಯಾ,

ಫೋನಿನಲ್ಲಿ ಚೆಸ್ ಮಾತು ಬೇಡ, ಜಗಳ ಆಗ್ತದೆ, ಮಗಳು ಕೇಳಿಸಿಕೊಳ್ತಾಳೆ ಎಂದು ನೀನೇ ಹೇಳಿದ್ದು. ಹಾಗಾಗಿ ನಿನ್ನೆಯೇ ಪೋಸ್ಟಾಫೀಸಿಗೆ ಹೋಗಿ ಇನ್‌ಲ್ಯಾಂಡ್ ತಂದೆ. ಮದುವೆಗೆ ಮೊದಲು ನಾನು ಕಾಸರಗೋಡಿನಲ್ಲಿ, ನೀನು ಮೈಸೂರಿನಲ್ಲಿ ಕೂತು ಅಂಚೆಯಲ್ಲಿ ಒಂದೊಂದೇ ನಡೆ ಬರೆದು ಆಡಿದವರಲ್ವಾ ನಾವು. ಬರೆಯುವಾಗ ನನ್ನ ಬಾಯಿ ಸ್ವಲ್ಪ ಹಿಡಿತದಲ್ಲಿ ಇರ್ತದೆ.

ನಿನ್ನೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ತಿರುವನಂತಪುರದ ಟೂರ್ನಿಯ ಲೈವ್ ಬೋರ್ಡ್ ಹಾಕಿಕೊಂಡು ಚಾಯ ಕುಡಿಯುತ್ತಾ ಕೂತಿದ್ದೆ. ನಿನ್ನ ಮೊದಲ ನಡೆ ನೋಡಿ, ಹೆಸರು ಅದಲುಬದಲು ಮಾಡಿದ್ದಾರೆ ಎಂದೇ ತಿಳಿದೆ. ಬಿಳಿ ಕಾಯಿ ಸಿಕ್ಕಿದರೆ ನೀನು ಮಂತ್ರಿಯ ಮುಂದಿನ ಕಾಲಾಳು ಬಿಟ್ಟು ಬೇರೆ ಮುಟ್ಟಿದವಳಲ್ಲ. ಅದು ನಾನು ಹೇಳಿಕೊಟ್ಟ ಓಪನಿಂಗ್. ಅದರ ಒಂದೊಂದು ಸಂದಿಗೊಂದಿಯನ್ನೂ ನಾವಿಬ್ಬರೇ ಊಟದ ಮೇಜಿನ ಮೇಲೆ ಕಂಡುಹಿಡಿದದ್ದು. ನಿನ್ನೆ ನೀನು ರಾಜನ ಮುಂದಿನ ಕಾಲಾಳು ನಡೆಸಿದ್ದಿ. ಅದೂ ಎಷ್ಟು ಸಲೀಸಾಗಿ, ಹುಟ್ಟಿದಾಗಿನಿಂದ ಅದನ್ನೇ ಆಡಿದವಳ ಹಾಗೆ.

ಗೆದ್ದೆ, ಒಳ್ಳೆಯದಾಯ್ತು. ಆದರೆ ಇದು ಎಲ್ಲಿಂದ ಬಂತು ಮಾರಾಯ್ತಿ? ಒಂದು ಮಾತು ನನ್ನ ಹತ್ತಿರ ಕೇಳಬೇಕು ಅಂತ ಕಾಣಲಿಲ್ಲವಾ? ನಿನ್ನ ರೇಟಿಂಗ್ ನನ್ನದನ್ನು ದಾಟಿ ಎರಡು ವರ್ಷ ಆಯ್ತು, ನಾನು ಏನೂ ಹೇಳಲಿಲ್ಲ. ಇದಕ್ಕೆ ಮಾತ್ರ ಸುಮ್ಮನಿರಲಿಕ್ಕೆ ಆಗುವುದಿಲ್ಲ.

ನಿನ್ನ
ಸುಬ್ರಾಯ


ಪಟ್ಟಂ, ತಿರುವನಂತಪುರ
17 ಜೂನ್ 2024

ರೀ,

ನಿಮ್ಮ ಕಾಗದ ನಿಖಿತಾ ಕೈಗೆ ಸಿಕ್ಕಿತ್ತು. ತಿರುಗಿಸಿ ಮುರುಗಿಸಿ ನೋಡಿ ಮಲಯಾಳದಲ್ಲಿ "ಇದೆಂದಾ ಅಮ್ಮೇ", ಇದೇನು ಅಂದಳು. ಹದಿಮೂರು ವರ್ಷದವಳು ಇನ್‌ಲ್ಯಾಂಡನ್ನೇ ನೋಡಿಲ್ಲ ನೋಡಿ. ಒಡೆಯೋದು ಹೇಗೆ ಅಂತ ನಾನು ತೋರಿಸಿಕೊಡಬೇಕಾಯ್ತು.

ಓಪನಿಂಗ್ ವಿಷಯ ಅಷ್ಟು ದೊಡ್ಡದು ಮಾಡಬೇಡಿ. ಎಷ್ಟು ವರ್ಷ ಅಂತ ಒಂದೇ ಆಡೋದು, ಬೇಜಾರಾಗಲ್ವಾ. ಇಲ್ಲಿ ಎಲ್ಲರಿಗೂ ನನ್ನ ಹಳೇ ಆಟ ಬಾಯಿಪಾಠ ಆಗಿಹೋಗಿತ್ತು, ಅದಕ್ಕೆ ಬದಲಾಯಿಸಿದೆ, ಅಷ್ಟೇ. ಭಾನುವಾರ ಕಾಶೀನಾಥ ಅವರು ಬರ್ತಾರೆ. ನಮ್ಮ ಇನ್‌ಸ್ಟಿಟ್ಯೂಟಿನ ಅಕೌಂಟ್ಸ್‌ನವರು, ವಿಜಯಪುರದ ಕಡೆಯವರು. ಒಂದೆರಡು ಆಟ ಆಡ್ತೀವಿ. ಅವರ ಮನೆಯವರು ಊರಲ್ಲೇ ಇದ್ದಾರೆ. ಪಾಪ, ಬರುವಾಗೆಲ್ಲ ಶೇಂಗಾ ಚಟ್ನಿಪುಡಿ ತರ್ತಾರೆ, ನಿಖಿತಾಗೆ ಅದು ಅಂದ್ರೆ ಪ್ರಾಣ.

ನಿಮ್ಮ ಬೆನ್ನುನೋವು ಹೇಗಿದೆ? ಕೌಂಟರಿನಲ್ಲಿ ಕೂರೋ ಕುರ್ಚಿ ಬದಲಾಯಿಸಿಕೊಡಿ ಅಂತ ಮ್ಯಾನೇಜರನ್ನ ಕೇಳಿ ಅಂದಿದ್ದೆ. ಕೇಳಿರಲ್ಲ, ಗೊತ್ತು.

ನಿಮ್ಮ
ವಿಜಯಾ


ಎಡಪ್ಪಳ್ಳಿ
30 ಜೂನ್ 2024

ವಿಜಯಾ,

ಬೆನ್ನು ಸರಿ ಉಂಟು. ಮನಸ್ಸು ಸರಿ ಇಲ್ಲ.

ಈ ಕಾಶೀನಾಥ ಯಾರು ಎಂದು ನಾನೇ ಹುಡುಕಿದೆ. ಟೂರ್ನಿಯಲ್ಲಿ ಆಡಿದವರ ಆಟವೆಲ್ಲ ಇಂಟರ್ನೆಟ್ಟಿನಲ್ಲಿ ಬೀಳ್ತದಲ್ಲ. ನಮ್ಮ ಬ್ರಾಂಚಿಗೆ ವಲ್ಲಾರ್ಪಾಡಂ ಬಂದರಿನ ಕಂಟೇನರ್ ಏಜೆಂಟರು ಸಾಲ ಕೇಳಿಕೊಂಡು ಬಂದಾಗ ಹೇಗೆ ಹಿಂದುಮುಂದು ನೋಡ್ತೇನೋ, ಹಾಗೇ ಅವನದ್ದನ್ನೂ ನೋಡಿದೆ. ಹುಡುಗ ಪ್ರಾಯದಿಂದ ಕಪ್ಪು ಕಾಯಿಯಲ್ಲಿ ಸಿಸಿಲಿಯನ್ ಡಿಫೆನ್ಸ್ ಆಡಿದ ಮನುಷ್ಯ, ಅದಿಲ್ಲದೆ ಬೇರೆ ಗೊತ್ತಿಲ್ಲ. ಕಳೆದ ಡಿಸೆಂಬರಿನಿಂದ ಇದ್ದಕ್ಕಿದ್ದ ಹಾಗೆ ಫ್ರೆಂಚ್ ಡಿಫೆನ್ಸ್ ಆಡ್ತಾ ಇದ್ದಾನೆ.

ಫ್ರೆಂಚ್ ಯಾರದ್ದು ಎಂದು ನಿನಗೆ ಹೇಳಬೇಕಾ? ಎದುರಿನವರು ರಾಜನ ಕಾಲಾಳನ್ನು ಎರಡು ಮನೆ ನುಗ್ಗಿಸಿದರೆ ನಾವು ಒಂದೇ ಮನೆ ನಡೆಸಿ, ಬಾಗಿಲು ಹಾಕಿ ಕೂರುವುದು. ನನ್ನ ಗುಣಕ್ಕೆ ಹೇಳಿ ಮಾಡಿಸಿದ್ದು ಎಂದು ನೀನೇ ನಗಾಡ್ತಾ ಇದ್ದಿ. ಇಪ್ಪತ್ತು ವರ್ಷದಿಂದ ನಾನು ಅದೊಂದನ್ನೇ ಆಡಿದ್ದು. ಈಗ ಅದನ್ನು ಅವನಿಗೆ ಕಲಿಸಿದ್ದು ಯಾರು? ನೀನಲ್ಲದೆ ಬೇರೆ ಯಾರು?

ನಿನ್ನ ಹಿಂದಿನ ಆಟಗಳನ್ನೂ ತೆಗೆದು ನೋಡಿದೆ. ನೀನು ಮೊದಲ ನಡೆ ಬದಲಿಸಿದ್ದೂ ಡಿಸೆಂಬರಿನಲ್ಲೇ. ಒಂದೇ ತಿಂಗಳಲ್ಲಿ ಇಬ್ಬರೂ ಬದಲಾಗಿದ್ದೀರಿ. ಬೇರೆ ಗಂಡಂದಿರು ಹೆಂಡತಿಯ ಫೋನ್ ನೋಡಿ ಗೊತ್ತುಮಾಡಿಕೊಳ್ತಾರೆ, ನನಗೆ ಓಪನಿಂಗ್ ಸಾಕು.

ನಮ್ಮ ಜುಬೈದಾ ಮೇಡಂ ಪಕ್ಕದ ಕೌಂಟರಿನಿಂದ "ಸಾರ್‌ಗೆ ಜ್ವರವಾ" ಎಂದು ಕೇಳಿದರು. ಹೌದು ಎಂದೆ. ಮತ್ತೆಂತ ಹೇಳುವುದು?

ಸುಬ್ರಾಯ


ಪಟ್ಟಂ
21 ಜುಲೈ 2024

ರೀ,

ಉತ್ತರ ತಡವಾಯ್ತು. ಬೇಕಂತಲೇ ತಡ ಮಾಡಿದೆ. ನಿಮ್ಮ ಕಾಗದ ಓದಿದ ದಿನ ಬರೆದಿದ್ದರೆ ಅದನ್ನ ನೀವು ಓದೋ ಹಾಗಿರ್ತಿರಲಿಲ್ಲ.

ಕಾಶೀನಾಥ ಅವರನ್ನ ಅವನು ಇವನು ಅನ್ನಬೇಡಿ. ನಿಮಗಿಂತ ದೊಡ್ಡವರು.

ಓಣಂ ರಜೆಯಲ್ಲಿ ನಿಮ್ಮ ಎಡಪ್ಪಳ್ಳಿ ಕ್ಲಬ್ಬಿನವರು ನಡೆಸೋ ಟೂರ್ನಿಗೆ ನಾನೂ ಹೆಸರು ಕೊಟ್ಟಿದ್ದೀನಿ. ಹತ್ತೇ ಜನ, ಎಲ್ಲರೂ ಎಲ್ಲರ ಜೊತೆ ಆಡೋದು. ನೀವೂ ಇದ್ದೀರಿ ಅಂತ ಗೊತ್ತು. ಗಂಡ ಹೆಂಡತಿ ಅಂದಮೇಲೆ ನಮ್ಮಿಬ್ಬರನ್ನ ಮೊದಲ ಸುತ್ತಲ್ಲೇ ಆಡಿಸಿ ಮುಗಿಸಿಬಿಡ್ತಾರೆ, ಕೊನೇಲಿ ಒಳಗೊಳಗೇ ಹೊಂದಾಣಿಕೆ ಆಗಬಾರದು ಅಂತ. ನನಗೆ ಬಿಳಿ ಅಂತಲೂ ಹೇಳಿದ್ದಾರೆ. ಟೂರ್ನಿ ಮುಗಿಯೋವರೆಗೆ ನಾನು ನಿಮ್ಮ ಫ್ಲಾಟಲ್ಲಿ ಇರಲ್ಲ. ಕಳಮಶ್ಶೇರಿಯಲ್ಲಿ ನನ್ನ ಸ್ನೇಹಿತೆ ಶಾಲಿನಿ ಮನೆಯಿದೆಯಲ್ಲ, ಅಲ್ಲಿರ್ತೀನಿ.

ಈಗ ನನ್ನ ರೇಟಿಂಗಿಗೆ ಎರಡು ಸಾವಿರ ಕೈಗೆಟುಕೋ ಹಾಗಿದೆ. ಮುಟ್ಟಿದರೆ ಟೈಟಲ್ ಬರತ್ತೆ, ಹೆಸರಿನ ಮುಂದೆ ಇಂಗ್ಲಿಷಿನ ಮೂರಕ್ಷರ. ನಲವತ್ತನಾಲ್ಕನೇ ವಯಸ್ಸಲ್ಲಿ ಇನ್ನೊಂದು ಅವಕಾಶ ಸಿಗತ್ತೋ ಇಲ್ವೋ. ದಯವಿಟ್ಟು ಅಲ್ಲಿವರೆಗೆ ನನ್ನನ್ನ ಏನೂ ಕೇಳಬೇಡಿ. ಆಮೇಲೆ ಎಲ್ಲಾ ಹೇಳ್ತೀನಿ.

ವಿಜಯಾ


ಎಡಪ್ಪಳ್ಳಿ
28 ಜುಲೈ 2024

ವಿಜಯಶ್ರೀ,

ಆಮೇಲೆ ಹೇಳ್ತೇನೆ ಎಂದರೆ ಎಂತ ಅರ್ಥ? ಹೇಳಲಿಕ್ಕೆ ಉಂಟು ಎಂದಾಯ್ತಲ್ಲ.

ಮೊನ್ನೆ ಫೋನಿನಲ್ಲಿ ನಿಖಿತಾಳ ಹತ್ತಿರ ಮೆಲ್ಲ ಕೇಳಿದೆ, ಕಾಶಿ ಅಂಕಲ್ ಬಂದರೆ ಎಷ್ಟು ಹೊತ್ತು ಇರ್ತಾರೆ ಎಂದು. ಹುಡುಗಿ ಕಿಸಕ್ಕನೆ ನಗಾಡಿ ಮಲಯಾಳದಲ್ಲಿ ಹೇಳಿದಳು: ಅಂಕಲ್ ಅಪ್ಪನ ಕುರ್ಚಿಯಲ್ಲಿ ಕೂರ್ತಾರೆ, ಅಮ್ಮನೇ ಕೂರಿಸಿದ್ದು, ಅಂಕಲ್ ಪೂರಾ ಅಪ್ಪನೇ ಆಗಿಬಿಟ್ಟಿದ್ದಾರೆ. ಮಗಳ ಬಾಯಲ್ಲಿ ಆ ಮಾತು ಕೇಳಿದ ಮೇಲೆ ಅವಳು ಏನು ಹೇಳಿದಳು ಎಂದೇ ನನಗೆ ಕೇಳಿಸಲಿಲ್ಲ.

ಕಿಟಕಿ ಬದಿಯ ಆ ಕುರ್ಚಿ ನನ್ನದು. ಟ್ರಾನ್ಸ್‌ಫರ್ ಆಗಿ ಇಲ್ಲಿಗೆ ಬರುವಾಗ ಬಿಟ್ಟು ಬಂದದ್ದು ಅದೊಂದೇ. ಅದರಲ್ಲಿ ಅವನನ್ನು ಕೂರಿಸಿ, ನನ್ನ ಡಿಫೆನ್ಸ್ ಅವನಿಗೆ ಕೊಟ್ಟು, ನನ್ನ ಮಗಳ ಎದುರೇ ಆಡ್ತಾ ಇದ್ದೀಯಲ್ಲ, ಇದಕ್ಕೆ ಎಂತ ಹೇಳ್ತಾರೆ ನಿಮ್ಮ ಮೈಸೂರಿನಲ್ಲಿ?

ನನಗೆ ಹೊಟ್ಟೆಕಿಚ್ಚು ವಿಜಯಾ. ನಾಚಿಕೆ ಬಿಟ್ಟು ಬರೀತಾ ಇದ್ದೇನೆ. ಅನ್ನ ಸೇರುವುದಿಲ್ಲ. ಪ್ರತಿ ಭಾನುವಾರ ನೀವಿಬ್ಬರು ಏನು ಆಡ್ತೀರಿ, ಹೇಗೆ ಆಡ್ತೀರಿ, ಒಂದೊಂದು ನಡೆಯನ್ನೂ ಬರೆದು ಕಳಿಸು. ಬರೆದರೆ ನಂಬ್ತೇನೆ. ಇಲ್ಲದಿದ್ದರೆ ಟೂರ್ನಿಗೆ ನೀನು ಬರುವುದೂ ಬೇಡ, ಆಮೇಲೆ ನಾನು ಅಲ್ಲಿಗೆ ಬರುವುದೂ ಬೇಡ.

ಸುಬ್ರಾಯ


ಪಟ್ಟಂ
11 ಆಗಸ್ಟ್ 2024

ರೀ,

ಸರಿ, ಬರೀತೀನಿ. ಎರಡು ವಾರ ಯೋಚನೆ ಮಾಡಿದೆ. ಇದನ್ನ ಬರೆದರೆ ಎಂಟು ತಿಂಗಳು ಮಾಡಿದ್ದೆಲ್ಲ ನೀರುಪಾಲು. ಬರೀದೇ ಇದ್ದರೆ ನೀವು ಬರಲ್ಲ ಅಂತಿದ್ದೀರಿ. ಎರಡರಲ್ಲಿ ಯಾವುದು ದೊಡ್ಡದು ಅಂತ ನಾನು ತೂಗಬೇಕಾಗಿ ಬಂತಲ್ಲ, ಅದೇ ಸಂಕಟ.

ನಿಖಿತಾ ಹೇಳಿದ್ದು ನಿಜ. ಕಾಶೀನಾಥ ಅವರು ನಿಮ್ಮ ಕುರ್ಚಿಯಲ್ಲೇ ಕೂರ್ತಾರೆ. ನಾನೇ ಕೂರಿಸಿದ್ದು. ಯಾಕೆ ಅಂದ್ರೆ ಅವರು ಅಲ್ಲಿ ನೀವಾಗಿ ಆಡ್ತಾರೆ.

ನನಗೆ ಗೆಲ್ಲಬೇಕಾಗಿದ್ದು ನಿಮ್ಮ ಮೇಲೆ ಕಣ್ರೀ. ತ್ರಿಶ್ಶೂರಿನ ಟೂರ್ನಿ ನೆನಪಿದೆಯಾ? ಅವತ್ತೂ ಎರಡು ಸಾವಿರ ಒಂದೇ ಗೆಲುವಿನ ದೂರದಲ್ಲಿತ್ತು, ಇಬ್ಬರ ಅಂಕ ಸಮ ಬಿದ್ದು ಕೊನೇ ಸುತ್ತಲ್ಲಿ ನೀವು ಎದುರಿದ್ರಿ. ಹತ್ತು ನಡೆ ಆಗಿರಲಿಲ್ಲ, ನೀವು ಕನ್ನಡಕ ತೆಗೆದು ಒರೆಸಿಕೊಂಡು "ಡ್ರಾ ಮಾಡಿ ಊಟಕ್ಕೆ ಹೋಗುವ, ನಾವು ನಾವೇ ಎಂತ ಹೊಡೆದಾಡುವುದು" ಅಂದ್ರಿ. ನಾನು ಹೂಂ ಅಂದೆ. ಯಾವಾಗಲೂ ಹೂಂ ಅಂದಿದ್ದೀನಿ. ಬೇಡ ಅಂತ ನಿಮ್ಮ ಮುಖ ನೋಡಿ ಹೇಳೋಕೆ ನನಗೆ ಬರಲ್ಲ.

ಅದಕ್ಕೇ ಕಾಶೀನಾಥ ಅವರ ಹತ್ತಿರ ಹೋದೆ. ನಿಮ್ಮ ಹಳೇ ಆಟಗಳನ್ನೆಲ್ಲ ಕೊಟ್ಟೆ. ಒಳ್ಳೇ ಮನುಷ್ಯ, ತಮ್ಮ ಸಿಸಿಲಿಯನ್ ಬಿಟ್ಟು ಟೂರ್ನಿಗಳಲ್ಲೂ ಫ್ರೆಂಚೇ ಆಡಿ ಅಭ್ಯಾಸ ಮಾಡಿಕೊಂಡ್ರು. "ಪಾತ್ರ ಕೈಗೆ ಬರಬೇಕಲ್ರೀ ಮೇಡಂ" ಅಂದ್ರು. ನಿಮ್ಮ ಹಾಗೆ ಕಾಲು ಅಲ್ಲಾಡಿಸ್ತಾರೆ. ಕುದುರೆಗಳನ್ನ ಎಡಕ್ಕೆ ಮುಖ ಮಾಡಿ ಇಡ್ತಾರೆ. ಕನ್ನಡಕ ಒರೆಸಿಕೊಂಡು "ಡ್ರಾ ಮಾಡೂಣೇನ್ರೀ" ಅಂತಾರೆ. ಬೇಡ ಅಂತ ನಾನು ಹೇಳಬೇಕು. ಮೊದಲ ಭಾನುವಾರ ನನ್ನ ಬಾಯಿಂದ ಮಾತೇ ಹೊರಡಲಿಲ್ಲ, ನಿಖಿತಾ ಬಿದ್ದು ಬಿದ್ದು ನಕ್ಕಳು. ಚೆಸ್‌ಗಿಂತ ಹೆಚ್ಚಾಗಿ ನಾನು ಕಲಿತಿದ್ದು ಅದನ್ನೇ.

ನಡೆಯನ್ನೂ ಕೇಳಿದ್ರಿ. ನಿಮ್ಮ ಫ್ರೆಂಚಿಗೆ ನಾವು ಹುಡುಕಿದ್ದು ಇದು: ನೀವು ರಾಜನನ್ನ ಕೋಟೆಯೊಳಗೆ ಸೇರಿಸಿದ ತಕ್ಷಣ ಅವನ ಮುಂದಿನ ಕಾಲಾಳಿನ ಮೇಲೆ ನನ್ನ ಒಂಟೆ ಬಲಿ ಕೊಡ್ತೀನಿ, ನೀವು ತಿಂದರೆ ಕುದುರೆ ಹಾರಿಸಿ ಚೆಕ್. ಈ ಕಾಗದದ ಹಿಂಬದಿಯಲ್ಲಿ ನಡೆಗಳೆಲ್ಲ ಇವೆ. ನನ್ನ ಹತ್ತಿರ ಇನ್ನೇನೂ ಮುಚ್ಚಿಟ್ಟಿದ್ದಿಲ್ಲ. ಟೂರ್ನಿಗೆ ಬರ್ತೀನಿ, ಇದನ್ನೇ ಆಡ್ತೀನಿ. ಬೇರೆ ತಯಾರಿಗೆ ಟೈಮಿಲ್ಲ, ಮನಸ್ಸೂ ಇಲ್ಲ.

ವಿಜಯಾ


ಎಡಪ್ಪಳ್ಳಿ
16 ಆಗಸ್ಟ್ 2024

ಪ್ರೀತಿಯ ವಿಜಯಾ,

ನಿನ್ನ ಕಾಗದವನ್ನು ಬ್ಯಾಂಕಿನಲ್ಲೇ ಒಡೆದೆ. ಓದಿ ಮುಗಿಸಿ ಎಷ್ಟು ಹಗುರ ಆಯ್ತು ಎಂದರೆ ಜುಬೈದಾ ಮೇಡಂಗೂ ನನಗೂ ಬಿಸಿ ಬಾಳೆಹಣ್ಣಿನ ಪಳಂಪೊರಿ ತರಿಸಿ ತಿಂದೆವು. ನಾನೊಬ್ಬ ಮಡೆಯ. ಅಂಥ ಒಳ್ಳೆಯ ಮನುಷ್ಯನ ಮೇಲೆ ಎಂತೆಂತ ಯೋಚನೆ ಮಾಡಿದೆ. ಕಾಶೀನಾಥರಿಗೆ ನನ್ನ ನಮಸ್ಕಾರ ತಿಳಿಸು.

ನಿಖಿತಾಳ ಪರೀಕ್ಷೆಗೆ ಗಣಿತ ಕಷ್ಟ ಆಗ್ತದಾ ಕೇಳು. ಇಲ್ಲಿ ಒಂದೇ ಸಮ ಮಳೆ, ಒಗೆದ ಅಂಗಿ ಒಣಗುವುದಿಲ್ಲ. ಫ್ಲಾಟಿನ ಓನರ್ ಕಡೆಗೂ ನೀರಿನ ಟ್ಯಾಂಕಿ ಕ್ಲೀನ್ ಮಾಡಿಸಿದ. ಓಣಂಗೆ ಬರುವಾಗ ನಾನು ಕಳೆದ ಸಲ ಅಲ್ಲೇ ಮರೆತ ಆ ನೀಲಿ ಸ್ವೆಟರ್ ತಾ, ಬ್ಯಾಂಕಿನ ಏಸಿ ತಡೆಯಲಿಕ್ಕೆ ಆಗುವುದಿಲ್ಲ.

ಚೆಸ್ ವಿಷಯ ಇನ್ನು ಬೇಡ ಆಯ್ತಾ. ಅಲ್ಲಿ ಬೋರ್ಡಿನಲ್ಲಿ ನೋಡುವ.

ನಿನ್ನವನೇ
ಸುಬ್ರಾಯ


ಎಡಪ್ಪಳ್ಳಿ
26 ಸೆಪ್ಟೆಂಬರ್ 2024

ಪ್ರೀತಿಯ ವಿಜಯಾ,

ನೀನು ಮಾತಾಡದೆ ರೈಲು ಹತ್ತಿದ್ದು ಸರಿಯಲ್ಲ. ಸ್ಟೇಷನ್ನಿಗೆ ಬಂದಿದ್ದೆ, ನೀನು ನೋಡಿಯೂ ನೋಡದ ಹಾಗೆ ಮಾಡಿದಿ. ಆಮೇಲೆ ಫೋನ್ ಮಾಡಿದರೂ ನಿಖಿತಾಳ ಕೈಗೇ ಕೊಡ್ತೀಯ.

ಮೊದಲ ಸುತ್ತಿನದ್ದು ಒಂದು ಆಟ, ನಾನು ಗೆದ್ದೆ, ಅಷ್ಟೆ. ನೀನು ರಾಜನ ಕಾಲಾಳು ನಡೆಸಿದಿ, ನಾನು ಮಾಮೂಲು ಫ್ರೆಂಚೇ ಆಡಿದೆ, ಓಡಿಹೋಗಲಿಲ್ಲ. ಅದಕ್ಕೆ ನೀನು ನಕ್ಕದ್ದೂ ನೋಡಿದೆ. ನೀನು ಒಂಟೆ ಬಲಿ ಕೊಟ್ಟಿ, ನಾನು ತಿಂದೆ, ನೀನು ಕುದುರೆ ಹಾರಿಸಿ ಚೆಕ್ ಕೊಟ್ಟಿ. ರಾಜನನ್ನು ಹಿಂದಕ್ಕೆ ಕಳಿಸುವ ಬದಲು ಮುಂದಕ್ಕೆ ಬಯಲಿಗೆ ತರಬಹುದು ಎಂದು ನನಗೆ ಅಲ್ಲೇ, ಬೋರ್ಡಿನ ಎದುರು ಹೊಳೆಯಿತು. ಹೊಳೆದರೆ ಆಡಬಾರದಾ? ಡ್ರಾ ಕೇಳಿದರೆ ಬೇಡ ಎನ್ನಲಿಕ್ಕೆ ಬರುವುದಿಲ್ಲ ಎಂದು ನೀನೇ ಬರೆದಿದ್ದಿ, ನಾನು ಕೇಳಲೂ ಇಲ್ಲ.

ಉಳಿದ ಆಟಗಳಲ್ಲಿ ನೀನು ಚೆನ್ನಾಗಿಯೇ ಆಡಿದ್ದಿ. ಎರಡು ಸಾವಿರಕ್ಕೆ ಸ್ವಲ್ಪದರಲ್ಲಿ ತಪ್ಪಿತು ಎಂದು ಕ್ಲಬ್ಬಿನವರು ಹೇಳಿದರು. ಮುಂದಿನ ಸಲ ಆಗ್ತದೆ.

ಒಂದು ಸಾಲಾದರೂ ಬರಿ.

ನಿನ್ನ
ಸುಬ್ರಾಯ


ಪಟ್ಟಂ
5 ಅಕ್ಟೋಬರ್ 2024

ಸುಬ್ರಾಯರಿಗೆ,

ಒಂದು ಸಾಲು ಕೇಳಿದ್ದೀರಿ, ಸ್ವಲ್ಪ ಜಾಸ್ತಿಯೇ ಬರೀತೀನಿ.

ನೀವು ಫ್ರೆಂಚ್ ಆಡಿದಾಗ ನಾನು ನಕ್ಕಿದ್ದು ಯಾಕೆ ಗೊತ್ತಾ? ಕಾಗದದಲ್ಲಿ ಎಲ್ಲಾ ಹೇಳಿಬಿಟ್ಟಿದ್ದೆನಲ್ಲ, ನೀವು ಬೇರೆ ಏನಾದರೂ ಆಡಿ ತಪ್ಪಿಸಿಕೊಳ್ತೀರಿ ಅಂತ ರೈಲಿನಲ್ಲಿ ಪೂರ್ತಿ ಭಯ ಇತ್ತು. ನೀವು ಒಂದೇ ಮನೆ ನಡೆಸಿದ್ರಿ. ನನ್ನ ಗಂಡ ನನಗಾಗಿ ಆ ಕಾಗದ ಮರೆತು ಕೂತಿದ್ದಾರೆ ಅಂತ ಎಷ್ಟು ಖುಷಿಯಾಯ್ತು ಅಂದ್ರೆ, ಸೋತರೂ ಪರವಾಗಿಲ್ಲ ಅನ್ನಿಸಿತು.

ರಾಜ ಬಯಲಿಗೆ ಬಂದ ನಡೆ ಬೋರ್ಡಿನ ಎದುರು ಹೊಳೆಯಿತು ಅಂತ ಬರೆದಿದ್ದೀರಿ. ಅದು ಸುಳ್ಳು. ಒಂದು ನಿಮಿಷ ಕೂಡ ಯೋಚಿಸದೆ ಆಡಿದ್ರಿ, ನನ್ನ ಮುಖ ನೋಡಲಿಲ್ಲ. ಇಪ್ಪತ್ತು ವರ್ಷದಲ್ಲಿ ನಿಮ್ಮ ರಾಜ ಒಂದು ಸಲವೂ ಹೊರಗೆ ಕಾಲಿಟ್ಟವನಲ್ಲ. ನಾನು ಬರೆದು ಕೊಟ್ಟ ನಡೆಗಳನ್ನ ಕಂಪ್ಯೂಟರಿಗೆ ಹಾಕಿ ಅದರ ಬಾಯಲ್ಲಿ ಕೇಳಿಕೊಂಡು ಬಂದಿದ್ರಿ.

ಅದು ನಿಮ್ಮ ನಡೆ ಅಲ್ಲ ಅಂತ ಹೇಗೆ ಗೊತ್ತು ಅಂದ್ರೆ, ಕಾಶೀನಾಥ ಅವರು ಆ ನಡೆಯನ್ನ ಮಾರ್ಚ್ ತಿಂಗಳಲ್ಲೇ ಕಂಡುಹಿಡಿದಿದ್ರು. ಹಾಗಾದರೆ ಈ ದಾಳಿ ಬೇಡ, ಬೇರೆ ಹುಡುಕೋಣ ಅಂದೆ ನಾನು. ಅವರು ತಲೆ ಅಲ್ಲಾಡಿಸಿದ್ರು. "ಇದನ್ನೇ ಆಡ್ರಿ ಮೇಡಂ. ನಿಮ್ಮ ಯಜಮಾನ್ರು ರಾಜನ್ನ ಹಿಂಗ ಹೊರಗ ತರೋರು ಅಲ್ಲ. ಇಷ್ಟು ದಿನ ಅವರಾಗಿ ಕುಂತೀನಿ, ನನಗ ಗೊತ್ತಾಗತದ" ಅಂದ್ರು. ಆಮೇಲೆ ಅಷ್ಟು ಭಾನುವಾರ ಆಡಿದ್ವಿ, ಒಂದು ಸಲವೂ ಅವರು ಆ ನಡೆ ಆಡಲಿಲ್ಲ. ಸೋಲೋ ಕಡೆ ಇದ್ದರೂ ಆಡಲಿಲ್ಲ. ನಾನು ನಿಮಗೆ ಎಲ್ಲಾ ಬರೆದೆ ಅಂತ ಹೇಳಿದಾಗಲೂ "ಬಿಡ್ರಿ, ಅವರು ಅಂಥಾ ಮಂದಿ ಅಲ್ಲ" ಅಂದ್ರು.

ಈ ಮನೆಯಲ್ಲಿ ನನ್ನ ಎದುರಿಗೆ ಎಂಟು ತಿಂಗಳು ಒಬ್ಬ ಸುಬ್ರಾಯ ಕೂತು ಆಡಿದ್ರು. ಡ್ರಾ ಕೇಳ್ತಿದ್ರು, ಬೇಡ ಅಂದರೆ ಬೇಜಾರು ಮಾಡಿಕೊಳ್ಳದೆ ಮುಂದಿನ ನಡೆ ಆಡ್ತಿದ್ರು. ಅವರು ನನಗೆ ತುಂಬ ಇಷ್ಟ ಆಗಿದ್ರು ರೀ. ಅವರೇ ನೀವು ಅಂದ್ಕೊಂಡು ಎಡಪ್ಪಳ್ಳಿಗೆ ಬಂದೆ. ನೀವು ಹೊಟ್ಟೆಕಿಚ್ಚು ಪಡಬೇಕಾದ್ದು ಅವರ ಮೇಲೆ, ಈಗ ಬೇಕಾದರೆ ಪಡಿ.

ವಿಜಯಶ್ರೀ


ಎಡಪ್ಪಳ್ಳಿ
14 ಅಕ್ಟೋಬರ್ 2024

ವಿಜಯಾ,

ಹೌದು. ಕಂಪ್ಯೂಟರಿಗೆ ಹಾಕಿದೆ. ಪಳಂಪೊರಿ ತಿಂದ ದಿನವೇ, ಮನೆಗೆ ಬಂದು ಚಪ್ಪಲಿ ಕಳಚಿದವನೇ ಹಾಕಿದೆ. ನೋಡುವ, ಎಷ್ಟು ಗಟ್ಟಿ ಉಂಟು ಎಂದು ಮಾತ್ರ ಹಾಕಿದ್ದು. ಹಾಗೆ ನನಗೇ ಹೇಳಿಕೊಂಡೆ. ದಾರಿ ಕಂಡಮೇಲೆ ಬಿಡಲಿಕ್ಕೆ ಆಗಲಿಲ್ಲ.

ಕಾಶೀನಾಥರ ಮೇಲಿನ ಕಿಚ್ಚು ನಿನ್ನ ಕಾಗದಕ್ಕೇ ಆರಿತ್ತು. ಉಳಿದದ್ದು ನಿನ್ನ ಮೇಲಿನದ್ದು. ಮೂರಕ್ಷರ ನಿನ್ನ ಹೆಸರಿನ ಮುಂದೆ ಬರ್ತದೆ, ಕಲಿಸಿದ ನಾನು ಕೌಂಟರಿನಲ್ಲಿ ಕೂತಿರ್ತೇನೆ, ಕ್ಲಬ್ಬಿನಲ್ಲಿ ಎಲ್ಲರೂ ನನ್ನನ್ನು ನಿನ್ನ ಗಂಡ ಎಂದು ಪರಿಚಯ ಮಾಡ್ತಾರೆ. ಅದನ್ನು ತಾಳಲಿಕ್ಕೆ ಆಗಲಿಲ್ಲ. ನೀನು ನಕ್ಕಾಗ ಒಂದು ಕ್ಷಣ ಬೇಡ ಎಂದು ಕಂಡಿತು. ಆದರೂ ರಾಜನನ್ನು ಎತ್ತಿ ಮುಂದೆ ಇಟ್ಟೆ. ಗೆದ್ದ ಮೇಲೆ ಊಟ ಬಿಟ್ಟೆ.

ಕ್ಷಮಿಸು ಎಂದು ಬರೆಯಲಿಕ್ಕೆ ಕೂತು ನಾಲ್ಕು ಇನ್‌ಲ್ಯಾಂಡ್ ಹಾಳುಮಾಡಿದೆ. ಆ ಮಾತು ನನ್ನ ಕೈಗೆ ಚೆನ್ನಾಗಿ ಬರುವುದಿಲ್ಲ. ಅದರ ಬದಲು ಒಂದು ಕೇಳ್ತೇನೆ, ಬೇಡ ಎಂದು ಬೇಕಾದರೆ ಹೇಳು. ಹೇಳಲಿಕ್ಕೆ ಈಗ ನಿನಗೆ ಬರ್ತದೆ.

ಬರುವ ಶನಿವಾರ ಬ್ಯಾಂಕಿನ ಕೆಲಸ ಮುಗಿಸಿ ರೈಲು ಹತ್ತುತ್ತೇನೆ. ಭಾನುವಾರ ಕಾಶೀನಾಥರನ್ನು ಬರಲಿಕ್ಕೆ ಹೇಳು. ನೀನು ಬಿಳಿ, ಅವರು ನಾನು. ನಾನು ನಿಖಿತಾಳ ಹತ್ತಿರ ನೆಲದಲ್ಲಿ ಕೂತುಕೊಳ್ತೇನೆ, ಬಾಯಿ ತೆರೆಯುವುದಿಲ್ಲ. ನಿನಗೆ ಅಷ್ಟು ಇಷ್ಟ ಆದ ಆ ಸುಬ್ರಾಯ ಹೇಗೆ ಆಡ್ತಾನೆ ಎಂದು ನನಗೊಮ್ಮೆ ನೋಡಬೇಕು. ಹೊಟ್ಟೆ ಉರೀತದೆ, ಗೊತ್ತುಂಟು. ಆದರೂ ಬರ್ತೇನೆ.

ಸುಬ್ರಾಯ